ಕುಂಸಿಯಲ್ಲಿ ಹುಳಿಯ ಲೆಕ್ಕ

ಶಿವಮೊಗ್ಗದಲ್ಲಿ ಸಾಗರದ ಬಸ್ಸು ಹತ್ತಿದರೆ ಸುಮಾರು 25 ಕಿಲೋಮೀಟರಿಗೆ ಕುಂಸಿ ಸಿಗುತ್ತದೆ. ತ್ಯಾವರೆಕೊಪ್ಪದ ಸಿಂಹಧಾಮ ದಾಟಿ, ಆಯನೂರಿನಲ್ಲಿ ಒಂದಷ್ಟು ಜನ ಇಳಿದು ಒಂದಷ್ಟು ಜನ ಹತ್ತಿ, ರಸ್ತೆಯ ಎರಡೂ ಕಡೆ ಮರಗಳು ದಟ್ಟವಾಗುತ್ತಿವೆ ಅನ್ನಿಸುವಷ್ಟರಲ್ಲಿ ಊರು ಬಂದಿರುತ್ತದೆ. ಜೋಗ ನೋಡಲು ಹೋಗುವವರು ಕುಂಸಿಯನ್ನು ಕಿಟಕಿಯಿಂದ ನೋಡಿರುತ್ತಾರೆ, ಇಳಿದಿರುವುದಿಲ್ಲ. ರೈಲಿನಲ್ಲಿ ತಾಳಗುಪ್ಪದ ಕಡೆ ಹೋಗುವವರೂ ಅಷ್ಟೇ. ಕುಂಸಿ ಆದಮೇಲೆ ಅರಸಾಳು. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಕಾಣಿಸಿಕೊಂಡ ನಿಲ್ದಾಣ. ಅಲ್ಲೀಗ ಮಾಲ್ಗುಡಿ ಮ್ಯೂಸಿಯಂ ಇದೆ. ಫೋಟೊ ತೆಗೆಸಿಕೊಳ್ಳುವವರೆಲ್ಲ ಅಲ್ಲಿ ಇಳಿಯುತ್ತಾರೆ. ಕುಂಸಿಗೆ ಅಂಥ ಹೆಸರಿಲ್ಲ. ಒಂದು ಕಾಲಕ್ಕೆ ಇದರ ಸುತ್ತಮುತ್ತ ಮ್ಯಾಂಗನೀಸ್ ಅದಿರು ತೆಗೆಯುತ್ತಿದ್ದರು ಎಂಬುದು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.

ನನ್ನ ಮಟ್ಟಿಗೆ ಕುಂಸಿ ಎಂದರೆ ಹುಳಿಯ ಗಡಿ. ಪೂರ್ವಕ್ಕೆ ಭದ್ರಾವತಿ, ಚನ್ನಗಿರಿಯ ಬಯಲು. ಅಲ್ಲಿ ಸಾರಿಗೆ ಹುಣಸೆಹಣ್ಣು. ಪಶ್ಚಿಮಕ್ಕೆ ಹೊಸನಗರ, ಸಾಗರದ ಮಲೆನಾಡು. ಅಲ್ಲಿ ಹುಣಸೆಯ ಜೊತೆಗೆ ವಾಟೆಹುಳಿ, ಉಪ್ಪಾಗೆ, ಮುರುಗಲು, ಅಪ್ಪೆಮಿಡಿ. ಕುಂಸಿಯಲ್ಲಿರುವ ನನ್ನ ಅಕ್ಕನ ಅಡುಗೆಮನೆಗೆ ಎರಡೂ ಕಡೆಯ ಹುಳಿ ಬರುತ್ತದೆ. ಬಯಲಿನ ನೆಂಟರು ಹುಣಸೆಹಣ್ಣು ತಂದುಕೊಡುತ್ತಾರೆ, ಮೇಲಿನ ನೆಂಟರು ಮಿಡಿ ಉಪ್ಪಿನಕಾಯಿಯ ಭರಣಿ ಕಳಿಸುತ್ತಾರೆ. ಡಿಸೆಂಬರಿನಲ್ಲಿ ಹೋದರೆ ನೆಲ್ಲಿಕಾಯಿ ಬೇರೆ.

ತಮಾಷೆ ನೋಡಿ, ನಾವು ಹೊರಡುವ ಊರಿನ ಹೆಸರಲ್ಲೇ ಸಿಹಿ ಇದೆ. ಶಿವಮೊಗ್ಗ ಎಂಬ ಹೆಸರು ‘ಸಿಹಿ ಮೊಗೆ’ಯಿಂದ ಬಂತು ಎನ್ನುವ ಕಥೆಯನ್ನು ಈ ಊರಿನ ಅಜ್ಜಂದಿರೆಲ್ಲ ಹೇಳುತ್ತಾರೆ. ದೂರ್ವಾಸ ಮುನಿಗಳ ಆಶ್ರಮದಲ್ಲಿ ಒಲೆಯ ಮೇಲೆ ಗಿಡಮೂಲಿಕೆಗಳ ಒಂದು ಮೊಗೆ ಕುದಿಯುತ್ತಿತ್ತಂತೆ, ದನಕಾಯುವ ಹುಡುಗರು ಕದ್ದು ರುಚಿ ನೋಡಿದರಂತೆ, ಸಿಹಿಯಾಗಿತ್ತಂತೆ. ಶಿವನ ಮುಖದಿಂದ ಶಿವಮೊಗ್ಗ ಆಯಿತು ಎನ್ನುವವರೂ ಇದ್ದಾರೆ. ನನಗೆ ಮೊಗೆಯ ಕಥೆಯೇ ಇಷ್ಟ, ಏಕೆಂದರೆ ಅದರಲ್ಲಿ ನಾಲಿಗೆ ಇದೆ.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಐದನೇ ತರಗತಿ. ಅವಳನ್ನು ಕರೆದುಕೊಂಡು ಒಂದು ವಾರಕ್ಕೆಂದು ಅಕ್ಕನ ಮನೆಗೆ ಹೊರಟೆ. ನೆಲ್ಲಿಮರದಿಂದ ಕೈಯಾರೆ ಕಾಯಿ ಕೀಳಬೇಕು ಎನ್ನುವುದು ಅವಳ ಬಹಳ ದಿನದ ಆಸೆ. ಆದರೆ ಸಂಜೆ ಕುಂಸಿಯಲ್ಲಿ ಕೈಕಾಲು ತೊಳೆದು ಊಟಕ್ಕೆ ಕೂತವಳು ಮೊದಲ ತುತ್ತಿಗೇ ಕಣ್ಣಲ್ಲಿ ನೀರು ತಂದುಕೊಂಡಳು. ಸಾರು ಅನ್ನ ಬಾಯಿಗಿಟ್ಟರೆ ಉರಿ. ನಾಲಿಗೆ ಚಾಚಿಸಿ ಟಾರ್ಚ್ ಬಿಟ್ಟು ನೋಡಿದರೆ ಬಲಗಡೆಯ ಅಂಚು ಬೆಳ್ಳಗಾಗಿ, ಒಂದು ಕಡೆ ತೆಳುವಾಗಿ ಸಿಪ್ಪೆ ಎದ್ದು, ಅದರ ಕೆಳಗೆ ಕೆಂಪಗಿತ್ತು. ಕೆನ್ನೆಯ ಒಳಮೈ ಕೂಡ ಒರಟು.

ವಿಷಯ ಹೊರಗೆ ಬಂದದ್ದು ಚೀಲದಿಂದ. ಗೆಳತಿಯ ಹುಟ್ಟುಹಬ್ಬದಲ್ಲಿ ಕೊಟ್ಟ ಹುಳಿ ಚಾಕಲೇಟಿನ ದೊಡ್ಡ ಪಟ್ಟಣ, ಅರ್ಧ ಖಾಲಿ. ತರಗತಿಯಲ್ಲಿ ಪಂದ್ಯವಂತೆ: ಮುಖ ಕಿವುಚದೆ ಯಾರು ಹೆಚ್ಚು ಹೊತ್ತು ಬಾಯಲ್ಲಿ ಇಟ್ಟುಕೊಳ್ಳುತ್ತಾರೋ ಅವರು ಗೆದ್ದಂತೆ. ರಜೆ ಮುಗಿಯುವಷ್ಟರಲ್ಲಿ ಗೆಲ್ಲುವ ಹಾಗಾಗಬೇಕೆಂದು ಬೆಳಿಗ್ಗೆಯಿಂದ ಹನ್ನೊಂದು ತಿಂದು ಅಭ್ಯಾಸ ಮಾಡಿದ್ದಾಳೆ, ಪ್ರತಿಯೊಂದನ್ನೂ ಬಲಗೆನ್ನೆಯಲ್ಲೇ ಇಟ್ಟುಕೊಂಡು!

ಅಕ್ಕ ಬೈಯಲಿಲ್ಲ. ಸಾರಿನ ಪಾತ್ರೆ ಒಳಗಿಟ್ಟು, ಗಂಜಿ ಮಾಡಿ, ಆರಿಸಿ, ತುಪ್ಪ ಹಾಕಿ ಕೊಟ್ಟಳು. ಬೆಂಗಳೂರಿನಿಂದ ಮಗಳು ಮಾತ್ರ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದಳು: “ಅಪ್ಪ, ಇನ್ನು ಅವಳಿಗೆ ಹುಳಿ ಅನ್ನೋದನ್ನೇ ಕೊಡಬೇಡಿ. ನೆಲ್ಲಿಕಾಯೂ ಬೇಡ, ಉಪ್ಪಿನಕಾಯೂ ಬೇಡ.”

ಅಕ್ಕನಿಗೆ ಕೇಳಿಸಿತು. “ಹುಳಿನೇ ಬೇಡ ಅಂದ್ರೆ ಈ ಮನೇಲಿ ಊಟಕ್ಕೆ ಎಂತ ಮಾಡೋದು ಮಾರಾಯ?” ಎಂದಳು.

ಶಿವಮೊಗ್ಗದಲ್ಲಿ ನಮಗೆ ಪರಿಚಯದ ದಂತವೈದ್ಯೆಯೊಬ್ಬರಿದ್ದಾರೆ. ಅವರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ತುಟಿ, ಮುಖ ಊದಿದೆಯೇ, ಉಸಿರಾಟ ಸರಿಯಿದೆಯೇ, ನುಂಗಲು ಆಗುತ್ತಿದೆಯೇ ಎಂದು. ಎಲ್ಲ ಸರಿಯಿದೆ ಎಂದಮೇಲೆ, “ಹಾಗಾದರೆ ಇದು ಆಮ್ಲ ತಾಗಿ ಆದ ಸುಟ್ಟ ಗಾಯ ಅಷ್ಟೇ. ನಾಲ್ಕು ದಿನ ಖಾರ, ಉಪ್ಪು, ಹುಳಿ, ಬಿಸಿ ಬೇಡ. ತಣ್ಣನೆಯ ಹಾಲು ಕೊಡಿ, ನೀರು ಮುಕ್ಕಳಿಸಲಿ. ಎರಡು ವಾರವಾದರೂ ಮಾಯದಿದ್ದರೆ ಮಾತ್ರ ಕರೆದುಕೊಂಡು ಬನ್ನಿ” ಎಂದರು. ಆಮೇಲೆ ಒಂದು ಮಾತು ಸೇರಿಸಿದರು: “ನಾಲಿಗೆ ಬಗ್ಗೆ ಯೋಚನೆ ಮಾಡಬೇಡಿ. ಅದು ನೋಯುತ್ತೆ, ವಾಸಿಯಾಗುತ್ತೆ. ಹಲ್ಲು ನೋಯಲ್ಲ, ಆದರೆ ಸವೆದದ್ದು ವಾಪಸು ಬರಲ್ಲ.”

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕುಂಸಿಯಲ್ಲಿದ್ದ ಆ ವಾರವೆಲ್ಲ ನಾನೂ ಮೊಮ್ಮಗಳೂ ಇದರ ಹಿಂದೆಯೇ ಬಿದ್ದೆವು.

ಮೊದಲು ಪಟ್ಟಣದ ಹಿಂಬದಿಯ ಸಣ್ಣಕ್ಷರ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಸಣ್ಣಕ್ಷರ ಓದುವ ಚಟ ಹೋಗುವುದಿಲ್ಲ. ಸಕ್ಕರೆ, ಬಣ್ಣ, ಪರಿಮಳದ ನಡುವೆ ‘ಆಮ್ಲತೆ ನಿಯಂತ್ರಕ’ ಎಂದು ಬರೆದು ಐಎನ್ಎಸ್ 330, 296 ಎಂಬ ಸಂಖ್ಯೆಗಳಿದ್ದವು. ಮಕ್ಕಳೇ, ನಿಮ್ಮ ಮನೆಯ ಪಟ್ಟಣಗಳಲ್ಲೂ ಹುಡುಕಿ, ಸಿಗುತ್ತವೆ. 330 ಎಂದರೆ ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನಲ್ಲಿರುವುದು. 296 ಎಂದರೆ ಮ್ಯಾಲಿಕ್ ಆಮ್ಲ, ಹುಳಿ ಸೇಬಿನಲ್ಲಿರುವುದು. 334 ಎಂದು ಕಂಡರೆ ಟಾರ್ಟಾರಿಕ್ ಆಮ್ಲ, ನಮ್ಮ ಹುಣಸೆಹಣ್ಣಿನ ಹುಳಿ. ಅಂದರೆ ಚಾಕಲೇಟಿನಲ್ಲಿ ಯಾವುದೋ ಲೋಕದ ವಿಷವೇನೂ ಇರಲಿಲ್ಲ. ನಮಗೆ ಗೊತ್ತಿರುವ ಹುಳಿಗಳೇ ಪುಡಿಯಾಗಿ ಕೂತಿದ್ದವು.

ಅಂಗಡಿಯಲ್ಲಿ ‘ನಿಂಬೆ ಉಪ್ಪು’ ಎಂದು ಮಾರುವುದೂ ಈ ಸಿಟ್ರಿಕ್ ಆಮ್ಲವೇ. ಆದರೆ ಅದನ್ನು ಈಗ ನಿಂಬೆಯಿಂದ ತೆಗೆಯುವುದಿಲ್ಲ. 1917ರಲ್ಲಿ ಅಮೆರಿಕದ ಜೇಮ್ಸ್ ಕರಿ ಎಂಬ ವಿಜ್ಞಾನಿ ಒಂದು ಬಗೆಯ ಕಪ್ಪು ಬೂಷ್ಟಿಗೆ ಸಕ್ಕರೆ ಉಣಿಸಿದರೆ ಅದು ಸಿಟ್ರಿಕ್ ಆಮ್ಲವನ್ನು ಧಾರಾಳವಾಗಿ ಕೊಡುತ್ತದೆ ಎಂದು ತೋರಿಸಿದ. ಅಲ್ಲಿಂದ ಹುಳಿ ಅಗ್ಗವಾಯಿತು. ಹಣ್ಣೇ ಬೇಡ. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿ ‘ವುಡ್ ಡಿಸ್ಟಿಲೇಷನ್’ ಎಂಬ ಮಾತಿತ್ತು, ಅಂದರೆ ಕಟ್ಟಿಗೆಯ ಭಟ್ಟಿ. ಕಟ್ಟಿಗೆಯನ್ನು ಗಾಳಿ ತಾಗದಂತೆ ಕಾಯಿಸಿದರೆ ಇದ್ದಿಲು ಉಳಿಯುತ್ತದೆ, ಮೇಲೆದ್ದ ಹೊಗೆಯನ್ನು ತಣಿಸಿದರೆ ಅದರಲ್ಲಿ ವಿನೆಗರಿನ ಹುಳಿಯಾದ ಅಸಿಟಿಕ್ ಆಮ್ಲ ಸಿಗುತ್ತದೆ. ಮರದ ಹೊಗೆಯಲ್ಲೂ ಹುಳಿ! ಇದನ್ನು ಹೇಳಿದಾಗ ಮೊಮ್ಮಗಳು ಅಕ್ಕನ ಒಲೆಯನ್ನೇ ಅನುಮಾನದಿಂದ ನೋಡಿದಳು.

ಅಕ್ಕನ ಮನೆಯ ಹುಳಿಗಳಲ್ಲಿ ಒಂದಕ್ಕೆ ಮೈಸೂರಿನ ನಂಟೂ ಇದೆ. ಉಪ್ಪಾಗೆಯ ಒಣ ಸಿಪ್ಪೆಯಲ್ಲಿರುವ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಪತ್ತೆ ಮಾಡಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಅದಕ್ಕೂ ಮೊದಲು ಅದು ಬೇರೆ ಮಾಮೂಲಿ ಹುಳಿ ಎಂದೇ ತಿಳಿದಿದ್ದರು.

ಇರಲಿ, ನಾಲಿಗೆಗೆ ಬರೋಣ. ನಮ್ಮ ಕಾಲದ ಪಾಠದಲ್ಲಿ ನಾಲಿಗೆಯ ಒಂದು ಚಿತ್ರವಿರುತ್ತಿತ್ತು: ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಹುಳಿ, ಹಿಂದೆ ಕಹಿ. ಅದು ಸರಿಯಲ್ಲ. 1901ರಲ್ಲಿ ಜರ್ಮನಿಯ ಹೆನಿಗ್ ಎಂಬಾತ ಬರೆದ ಲೇಖನವನ್ನು ಮುಂದಿನವರು ತಪ್ಪಾಗಿ ಓದಿಕೊಂಡು ಹುಟ್ಟಿದ ಚಿತ್ರ ಅದು. ಹುಳಿ ನಾಲಿಗೆಯ ಎಲ್ಲ ರುಚಿಮೊಗ್ಗುಗಳಿಗೂ ಗೊತ್ತಾಗುತ್ತದೆ. ನಂಬದಿದ್ದರೆ ಒಂದು ಹನಿ ನಿಂಬೆರಸವನ್ನು ಹತ್ತಿಯಲ್ಲಿ ಅದ್ದಿ ತುದಿಗೆ ಮುಟ್ಟಿಸಿ ನೋಡಿ. ಆಮ್ಲದಿಂದ ಬಿಡುಗಡೆಯಾಗುವ ಹೈಡ್ರೋಜನ್ ಕಣ ರುಚಿಕೋಶದೊಳಗೆ ನುಗ್ಗಲು ಒಂದು ಬಾಗಿಲಿದೆ. ಆ ಬಾಗಿಲು ಯಾವುದೆಂದು ಅಮೆರಿಕದ ವಿಜ್ಞಾನಿಗಳಿಗೆ ಖಚಿತವಾದದ್ದು ತೀರ ಇತ್ತೀಚೆಗೆ, 2018-19ರಲ್ಲಿ. ಅದರ ಹೆಸರು ಓಟಾಪ್1. ಇಷ್ಟು ಸಾವಿರ ವರ್ಷ ಹುಳಿ ತಿಂದ ಮನುಷ್ಯನಿಗೆ ಅದು ನಾಲಿಗೆಗೆ ಹೇಗೆ ತಿಳಿಯುತ್ತದೆ ಎಂಬುದು ಮೊನ್ನೆ ಗೊತ್ತಾಯಿತು!

ಹುಳಿ ಎಂಬುದು ರುಚಿ. ಉರಿ ಬೇರೆ. ಆಮ್ಲ ಹೆಚ್ಚಾಗಿ, ಒಂದೇ ಜಾಗದಲ್ಲಿ ಕೂತರೆ ನಾಲಿಗೆಯ ಮೇಲ್ಪದರದ ಕೋಶಗಳು ಸಾಯುತ್ತವೆ. ಬೆಳ್ಳಗಾಗುವುದು, ಸಿಪ್ಪೆ ಏಳುವುದು ಅದರಿಂದ. ಕೆಳಗಿನ ಎಳೆಯ ಪದರಕ್ಕೆ ಉಪ್ಪು, ಖಾರ ತಾಗಿದರೆ ನೋವು. ಮಲೆನಾಡಿನವರಿಗೆ ಇದರ ಅನುಭವ ಇನ್ನೊಂದು ತುದಿಯಿಂದ ಇದ್ದೇ ಇದೆ. ಕವಳ ಹಾಕುವಾಗ ಸುಣ್ಣ ಹೆಚ್ಚಾದರೆ ಬಾಯಿ ಸುಡುವುದಿಲ್ಲವೇ? ಸುಣ್ಣ ಕ್ಷಾರ, ಹುಳಿ ಆಮ್ಲ. ಗುಣದಲ್ಲಿ ಒಂದಕ್ಕೊಂದು ವಿರುದ್ಧ. ಆದರೆ ಅತಿಯಾದರೆ ಎರಡೂ ಮಾಡುವ ಕೆಲಸ ಒಂದೇ.

ನಾಲಿಗೆಯ ಅದೃಷ್ಟ ಅಂದರೆ ಅದು ಸದಾ ಹೊಸದಾಗುತ್ತಿರುತ್ತದೆ. ರುಚಿಮೊಗ್ಗಿನ ಕೋಶಗಳು ಸುಮಾರು ಹತ್ತು ದಿನಕ್ಕೊಮ್ಮೆ ಬದಲಾಗುತ್ತವೆ. ಮೊಮ್ಮಗಳು ಎರಡು ದಿನ ಗಂಜಿ, ಹಾಲು ಅನ್ನ, ಬೆಣ್ಣೆಯಲ್ಲಿ ಕಳೆದಳು. ಅಕ್ಕ ಮಜ್ಜಿಗೆಯನ್ನೂ ಕೊಡಲಿಲ್ಲ, ಅದೂ ಹುಳಿಯೇ. ಮೂರನೇ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಾಲಿಗೆ ನೋಡಿಕೊಂಡು, “ಅಜ್ಜ, ರಿಪೇರಿ ಆಯ್ತು” ಎಂದು ಕೂಗಿದಳು.

ಹಲ್ಲಿನ ಕಥೆ ಹಾಗಲ್ಲ. ಹಲ್ಲಿನ ಹೊರಕವಚ ಎನಾಮಲ್, ನಮ್ಮ ಮೈಯಲ್ಲೇ ಅತ್ಯಂತ ಗಟ್ಟಿಯಾದ ವಸ್ತು, ಮೂಳೆಗಿಂತಲೂ ಗಟ್ಟಿ. ಆದರೆ ಅದರಲ್ಲಿ ಜೀವಕೋಶವಿಲ್ಲ. ಹಲ್ಲು ಮೂಡಿದ ಮೇಲೆ ದೇಹ ಹೊಸ ಎನಾಮಲ್ ಕಟ್ಟಿಕೊಡುವುದಿಲ್ಲ. ಹುಳಿಯನ್ನು ಅಳೆಯಲು ವಿಜ್ಞಾನಿಗಳು ‘ಪಿಎಚ್’ ಎಂಬ ಅಳತೆ ಬಳಸುತ್ತಾರೆ. ಶುದ್ಧ ನೀರು 7, ಜೊಲ್ಲು ಹೆಚ್ಚುಕಡಿಮೆ ಅಲ್ಲೇ. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು, ಮತ್ತು ಒಂದೊಂದು ಮೆಟ್ಟಿಲು ಇಳಿದಾಗಲೂ ಹತ್ತು ಪಟ್ಟು. ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಎನಾಮಲ್‌ನಿಂದ ಸುಣ್ಣದ ಅಂಶ ಕರಗಲು ಶುರು. ನಿಂಬೆರಸ 2ರಿಂದ 2.5ರ ಆಸುಪಾಸು, ಬಹಳ ಹುಳಿಯ ಚಾಕಲೇಟುಗಳೂ ಅದೇ ನೆರೆಯಲ್ಲಿವೆ. 5.5ಕ್ಕೂ 2.5ಕ್ಕೂ ಮೂರು ಮೆಟ್ಟಿಲು, ಅಂದರೆ ಒಂದರ ಮುಂದೆ ಮೂರು ಸೊನ್ನೆ. ಬ್ಯಾಂಕಿನಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದರೂ ಆ ದಿನ ರಾತ್ರಿ ಮನೆಗೆ ಹೋಗುವ ಹಾಗಿರಲಿಲ್ಲ.

ಈ ಹುಳಿಯನ್ನು ಎದುರಿಸಲು ಬಾಯಲ್ಲಿ ಒಬ್ಬನೇ ಕಾವಲುಗಾರ: ಜೊಲ್ಲು. ನೆಲ್ಲಿಕಾಯಿ ಎಂದು ಓದಿದೊಡನೆ ಕಿವಿಯ ಕೆಳಗೆ ಜುಮ್ ಎಂದಿತಲ್ಲವೇ? ಅಲ್ಲಿ ಜೊಲ್ಲಿನ ದೊಡ್ಡ ಗ್ರಂಥಿ ಇದೆ. ಜೊಲ್ಲು ಹುಳಿಯನ್ನು ತೆಳುಮಾಡುತ್ತದೆ, ತೊಳೆದು ನುಂಗಿಸುತ್ತದೆ, ತನ್ನಲ್ಲಿರುವ ಕ್ಷಾರಗುಣದಿಂದ ಮುರಿಯುತ್ತದೆ, ಮೆತ್ತಗಾದ ಎನಾಮಲ್‌ಗೆ ಸುಣ್ಣದ ಅಂಶವನ್ನು ಸ್ವಲ್ಪಮಟ್ಟಿಗೆ ಹಿಂದಿರುಗಿಸುತ್ತದೆ. ಆದರೆ ಅದಕ್ಕೆ ಹೊತ್ತು ಬೇಕು. ಹುಳಿ ತಿಂದೊಡನೆ ಬ್ರಷ್ ಹಾಕಿ ಉಜ್ಜಬಾರದು ಎನ್ನುವುದು ಇದಕ್ಕೇ. ಮೆತ್ತಗಾದ ಪದರವನ್ನು ನಾವೇ ಕೆರೆದು ತೆಗೆದಂತಾಗುತ್ತದೆ. ನೀರು ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಬೇಕು. ಇದ್ದಿಲು, ಉಪ್ಪಿನಲ್ಲಿ ತಿಕ್ಕುವ ನಮ್ಮ ಕಾಲದವರು ಇದನ್ನು ಇನ್ನೂ ಮುಖ್ಯವಾಗಿ ಕೇಳಿಸಿಕೊಳ್ಳಬೇಕು. ಸಿಹಿ ಸೇರಿಸಿದರೆ ಹುಳಿ ಸಾಯುತ್ತದೆ ಎಂದುಕೊಳ್ಳಬೇಡಿ. ಸಕ್ಕರೆ ನಾಲಿಗೆಯನ್ನು ಮರುಳು ಮಾಡುತ್ತದೆ, ಹಲ್ಲನ್ನಲ್ಲ. ಆಮ್ಲ ಅಷ್ಟೇ ಇರುತ್ತದೆ.

ನಾಲ್ಕನೇ ದಿನ ಅಂಗಳದಲ್ಲಿ ಪ್ರಯೋಗ ನಡೆಯಿತು. ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಯ ಮಕ್ಕಳೂ ಸೇರಿದರು. ಅಕ್ಕನ ಹಿತ್ತಲಿನ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಸೋಸಿದರೆ ಮಂಕಾದ ನೇರಳೆ ಬಣ್ಣದ ನೀರು. ಅದನ್ನು ಆರು ಗಾಜಿನ ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿದೆವು. ನಿಂಬೆರಸ ಬಿದ್ದೊಡನೆ ಝಗ್ಗನೆ ಗುಲಾಬಿಗೆಂಪು. ನೆಲ್ಲಿರಸಕ್ಕೂ ಗುಲಾಬಿ. ಹುಣಸೆರಸ ತಾನೇ ಕಂದು, ಆದ್ದರಿಂದ ಮಣ್ಣು ನೀರಿನಂತಾಯಿತು, ಏನೂ ತಿಳಿಯಲಿಲ್ಲ. ಮಜ್ಜಿಗೆ ತಿಳಿ ಗುಲಾಬಿ. ಸುಣ್ಣದ ತಿಳಿನೀರನ್ನು ನಾನೇ ಹಾಕಿದೆ (ಇದನ್ನು ದೊಡ್ಡವರೇ ಮಾಡಬೇಕು): ಹಸಿರು! ಮಕ್ಕಳು ಹೋ ಎಂದರು. ಕೊನೆಗೆ ಒಂದು ಹುಳಿ ಚಾಕಲೇಟನ್ನು ಎರಡು ಚಮಚ ನೀರಿನಲ್ಲಿ ಅಲ್ಲಾಡಿಸಿ ಆ ನೀರನ್ನು ಹಾಕಿದೆವು. ನಿಂಬೆಯಷ್ಟೇ ಕೆಂಪು. ಚಾಕಲೇಟಿನ ಮೇಲಿನ ಬಿಳಿ ಪುಡಿಯನ್ನು ಎಲ್ಲರೂ ಸಕ್ಕರೆ ಎಂದುಕೊಂಡಿದ್ದರು.

“ಹಾಗಾದ್ರೆ ನೆಲ್ಲಿಕಾಯೂ ಚಾಕಲೇಟೂ ಒಂದೇ ಅಲ್ವಾ ಅಜ್ಜ? ದೊಡ್ಡಜ್ಜಿ ಹುಳಿ ಒಳ್ಳೇದು, ನನ್ನ ಹುಳಿ ಕೆಟ್ಟದ್ದು ಅಂತ ಹೇಗೆ?” ಎಂದು ಮೊಮ್ಮಗಳು ಕೇಳಿದಳು.

ನ್ಯಾಯವಾದ ಪ್ರಶ್ನೆ. ಬಿ.ಕಾಂ. ಓದಿದವನಿಗೆ ರಸಾಯನಶಾಸ್ತ್ರ ಬರುವುದಿಲ್ಲ, ಬಡ್ಡಿ ಲೆಕ್ಕ ಬರುತ್ತದೆ. ಬಡ್ಡಿಗೆ ಅಸಲು ಎಷ್ಟು ಎಂದರೆ ಸಾಲದು, ದರ ಬೇಕು, ಅವಧಿ ಬೇಕು. ದಾಸವಾಳದ ನೀರು ಹುಳಿ ಇದೆ ಎಂದು ಹೇಳಿತು, ಎಷ್ಟು ಹೊತ್ತು ಎಂದು ಹೇಳಲಿಲ್ಲ. ಹಾಗಾಗಿ ಗಡಿಯಾರ ಹಿಡಿದು ಕೂತೆವು. ತಿಳಿಸಾರು ಬಾಯಲ್ಲಿ ನಿಲ್ಲುವುದು ಎರಡು ಮೂರು ಸೆಕೆಂಡು. ನೆಲ್ಲಿಕಾಯಿ ಕಚ್ಚಿ ಅಗಿದು ನುಂಗಲು ಪಕ್ಕದ ಮನೆಯ ಹುಡುಗನಿಗೆ ಎರಡು ನಿಮಿಷ. ಹುಳಿ ಚಾಕಲೇಟು ಅವನ ಅಣ್ಣನ ಬಾಯಲ್ಲಿ ಒಂಬತ್ತು ನಿಮಿಷ, ಅದೂ ಒಂದೇ ಕೆನ್ನೆಯಲ್ಲಿ.

ಆಗ ಅಕ್ಕ ತಾನು ಕುಟ್ಟಿದ್ದ ಹುಣಸೆ ಚಿಗಳಿಯನ್ನು ತಂದಳು. ಕೆಲವು ಕಡೆ ಚಿಗಳಿ ಎಂದರೆ ನಾಗರಪಂಚಮಿಯ ಎಳ್ಳಿನುಂಡೆ, ಇದು ಅದಲ್ಲ. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಒಣಮೆಣಸು ಒರಳಲ್ಲಿ ಕುಟ್ಟಿ ಉಂಡೆ ಮಾಡಿ, ತೆಂಗಿನಗರಿಯ ಕಡ್ಡಿಗೆ ಸಿಕ್ಕಿಸಿ ಚೀಪುವುದು. “ಇದರ ಮುಂದೆ ನಿಮ್ಮ ಪ್ಯಾಟೆ ಚಾಕಲೇಟು ಎಂತದು?” ಎಂದಳು. ಚೀಪಲು ಒಬ್ಬಳು ಹುಡುಗಿ ಕೂತಳು. ಐದು ನಿಮಿಷ, ಹತ್ತು ನಿಮಿಷ, ಕಡ್ಡಿ ಖಾಲಿಯಾದದ್ದು ಇಪ್ಪತ್ತಾರನೇ ನಿಮಿಷಕ್ಕೆ. ಮೇಲಾಗಿ ಹಲ್ಲಿನ ಸಂದಿಗೆ ಅಂಟುತ್ತದೆ. ನಮ್ಮ ಕಾಲದ್ದೆಲ್ಲ ಚಿನ್ನ ಎಂದು ಬರೆಯುವುದು ಅಜ್ಜಂದಿರ ರೂಢಿ. ಆದರೆ ಗಡಿಯಾರ ತೋರಿಸಿದ್ದನ್ನು ಬರೆಯಬೇಕಲ್ಲ? ಅವಧಿಯ ಲೆಕ್ಕದಲ್ಲಿ ಚಿಗಳಿಯೇ ಎಲ್ಲಕ್ಕಿಂತ ಮುಂದೆ. ಅಕ್ಕ ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಒಂದು ವ್ಯತ್ಯಾಸ ಮಾತ್ರ ಇದೆ. ಚಿಗಳಿ ವರ್ಷಕ್ಕೆ ಒಂದೆರಡು ತಿಂಗಳು, ಹೊಸ ಹುಣಸೆ ಬಂದಾಗ. ನೆಲ್ಲಿಯೂ ಹಾಗೆಯೇ, ಚಳಿಗಾಲ ಹೋದರೆ ಅದೂ ಹೋಯಿತು. ಶಾಲೆಯ ಹತ್ತಿರದ ಗೂಡಂಗಡಿಯ ಡಬ್ಬಿಗಳಿಗೆ ಕಾಲವಿಲ್ಲ. ಆ ಅಂಗಡಿಗೂ ಹೋಗಿ ನೋಡಿದೆ. ಉಪ್ಪುನೀರಿನ ಬಾಟಲಿಯಲ್ಲಿ ನೆಲ್ಲಿಕಾಯಿ, ಪಕ್ಕದಲ್ಲಿ ಏಳೆಂಟು ಬಣ್ಣದ ಹುಳಿ ಪೆಪ್ಪರಮೆಂಟು. “ಯಾವುದು ಜಾಸ್ತಿ ಹೋಗುತ್ತಮ್ಮಾ?” ಎಂದೆ. “ಮಕ್ಕಳಿಗೆ ಪೆಪ್ಪರಮೆಂಟು ಸಾರ್, ನೆಲ್ಲಿಕಾಯಿ ತಗೊಳ್ಳೋರು ನಿಮ್ಮಂಥೋರು” ಎಂದು ನಕ್ಕಳು ಆ ಹೆಂಗಸು.

ನಿಮ್ಮಂಥೋರು! ಆ ಮಾತಿಗೆ ನನಗೆ ಅಕ್ಕನ ನೆನಪಾಯಿತು.

ಅಕ್ಕನಿಗೆ ಎಪ್ಪತ್ತೆಂಟು. ಕವಳ ಬಿಟ್ಟು ಹತ್ತು ವರ್ಷವಾಯಿತು. ಅದರ ಬದಲಿಗೆ ಉಪ್ಪು ಹಾಕಿ ಒಣಗಿಸಿದ ನೆಲ್ಲಿಚೂರು ಬೆಳಗಿನಿಂದ ರಾತ್ರಿಯವರೆಗೆ ಎಡಗೆನ್ನೆಯಲ್ಲಿ ಇರಲೇಬೇಕು. ಬಿಪಿ ಮಾತ್ರೆ ಶುರುವಾದಮೇಲೆ ಬಾಯಿ ಒಣಗುತ್ತದೆ ಎಂದು ಇನ್ನೂ ಹೆಚ್ಚು. ಒಂದು ಕರಗಿದರೆ ಇನ್ನೊಂದು. ಆರೋಗ್ಯಕ್ಕೆ ಒಳ್ಳೆಯದು ಎಂದು ನಾವೆಲ್ಲ ಹೊಗಳುತ್ತಿದ್ದೆವು. ನೆಲ್ಲಿಯಲ್ಲಿ ಸಿ ಜೀವಸತ್ವ ಹೇರಳವಾಗಿದೆ ಎಂಬುದು ನಿಜವೇ. ಆದರೆ ಆ ದಿನಗಳಲ್ಲಿ ಅವಳು ತಣ್ಣೀರು ಕುಡಿಯುವಾಗ ಎಡಗಡೆ ತಪ್ಪಿಸಿ, ತಲೆ ವಾಲಿಸಿ ಕುಡಿಯುವುದನ್ನು ಮೊಮ್ಮಗಳು ಗಮನಿಸಿದ್ದಳು. “ದೊಡ್ಡಜ್ಜಿ ಕೋಳಿ ಥರ ನೀರು ಕುಡಿತಾರೆ” ಎಂದು ನಕ್ಕಿದ್ದಳು.

ನಮ್ಮ ಲೆಕ್ಕ ಇಲ್ಲಿ ಕೂಡಿಬಂತು. ಹನ್ನೊಂದು ಚಾಕಲೇಟು ಒಂದೇ ದಿನ ತಿಂದರೆ ನಾಲಿಗೆ ಸುಡುತ್ತದೆ. ನೋವು ತಾನೇ ನಿಲ್ಲಿಸುತ್ತದೆ. ಅರ್ಧ ಗಂಟೆಗೊಂದು ಚೂರು ದಿನವಿಡೀ ಇಟ್ಟುಕೊಂಡರೆ ನಾಲಿಗೆಗೆ ಏನೂ ಆಗುವುದಿಲ್ಲ, ಆದರೆ ಬಾಯಿ ಹುಳಿಯಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಸರದಿ ಬರುತ್ತದೆ. ಕಾವಲುಗಾರನಾದ ಜೊಲ್ಲು ವಯಸ್ಸಾದವರಲ್ಲಿ, ಅದರಲ್ಲೂ ಕೆಲವು ಮಾತ್ರೆ ತೆಗೆದುಕೊಳ್ಳುವವರಲ್ಲಿ, ಮೊದಲೇ ಕಡಿಮೆ. ಒಸಡು ಸರಿದು ಬೇರು ಕಾಣುವ ಹಲ್ಲಿಗೆ ಅಲ್ಲಿ ಎನಾಮಲ್ ಕವಚವೂ ಇಲ್ಲ. ಬೇರು ಇನ್ನೂ ಸುಲಭವಾಗಿ ಕರಗುತ್ತದೆ. ಹೆದರಬೇಕಾದದ್ದು ಮೊಮ್ಮಗಳ ಬಾಯಿಗಲ್ಲ, ಅಕ್ಕನ ಬಾಯಿಗೆ.

ಅವಳನ್ನು ಒಪ್ಪಿಸುವುದು ಸುಲಭವಾಗಲಿಲ್ಲ. “ನನ್ನ ಹಲ್ಲು ಇಷ್ಟು ವರ್ಷ ಇತ್ತಲ್ಲ” ಎಂದಳು. ಒಪ್ಪಿಸಿದ್ದು ಪೂಜೆಯ ದೀಪ. ಶುಕ್ರವಾರಕ್ಕೆಂದು ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಕಪ್ಪು ಹೋಗಿ ಬಂಗಾರದ ಬಣ್ಣ ಬರುತ್ತಿತ್ತು. ಮೊಮ್ಮಗಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, “ದೊಡ್ಡಜ್ಜಿ, ಹುಳಿ ಹಚ್ಚಿ ಸ್ವಲ್ಪ ಹೊತ್ತು 그ಹಾಗೇ ಬಿಟ್ರಲ್ಲ, ಯಾಕೆ?” ಎಂದಳು. “ಬಿಟ್ರೇ ಅಲ್ವೇನೇ ಕಿಲುಬು ಕರಗೋದು?” ಎಂದವಳು ಸುಮ್ಮನಾದಳು. ಎಡಗೆನ್ನೆಯ ಚೂರನ್ನು ನಾಲಿಗೆಯಿಂದ ಈಚೆಗೆ ತಂದು, ಯೋಚನೆ ಮಾಡಿ, ಎದ್ದುಹೋಗಿ ಉಗುಳಿ ಬಂದಳು.

ವಾರ ಮುಗಿದು ಹೊರಡುವಾಗ ಅವಳೂ ನಮ್ಮ ಜೊತೆ ಶಿವಮೊಗ್ಗಕ್ಕೆ ಬಂದಳು. ದಂತವೈದ್ಯೆ ಮೊಮ್ಮಗಳ ನಾಲಿಗೆಯನ್ನು ಅರ್ಧ ನಿಮಿಷ ನೋಡಿದರು, ಅಕ್ಕನ ಬಾಯಿಯನ್ನು ಇಪ್ಪತ್ತು ನಿಮಿಷ. ಎಡಗಡೆಯ ಮೂರು ಹಲ್ಲುಗಳ ಬುಡ ಒಳಗೆ ಸರಿದು ಗಚ್ಚು ಬಿದ್ದಿತ್ತು. ಬಲಗಡೆ ಅಷ್ಟಿರಲಿಲ್ಲ. ಸವೆದ ಜಾಗ ತುಂಬಿಸಿದರು. ನೆಲ್ಲಿ ಬಿಡಿ ಎನ್ನಲಿಲ್ಲ. ಊಟದ ಜೊತೆಗೆ ತಿನ್ನಿ, ತಿಂದಮೇಲೆ ನೀರು ಮುಕ್ಕಳಿಸಿ, ಕೆನ್ನೆಯಲ್ಲಿ ಇಟ್ಟುಕೊಳ್ಳಬೇಡಿ, ಬಾಯಿ ಒಣಗಿದರೆ ಗುಟುಕು ಗುಟುಕಾಗಿ ನೀರು ಕುಡಿಯಿರಿ ಎಂದರು. ಬಿಪಿ ಮಾತ್ರೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ ಎಂದು ಎರಡು ಸಲ ಹೇಳಿದರು.

ಮೊಮ್ಮಗಳು ಕೊನೆಯ ದಿನ ನೆಲ್ಲಿಕಾಯಿ ಕಿತ್ತಳು, ತಿಂದಳು, ಮೇಲೆ ನೀರು ಕುಡಿದು ಸಿಹಿ ಸಿಹಿ ಎಂದು ಕುಣಿದಳು. ಅವಳ ಅಮ್ಮನಿಗೆ ಫೋನಿನಲ್ಲಿ ಅವಧಿಯ ಲೆಕ್ಕವನ್ನು ಅವಳೇ ವಿವರಿಸಿದಳು. ನಿಷೇಧ ರದ್ದಾಯಿತು. ಪಂದ್ಯಕ್ಕೆ ಸೇರುವುದಿಲ್ಲ, ತಿಂದರೂ ಊಟವಾದಮೇಲೆ ಒಂದೇ, ಎಂಬ ಷರತ್ತಿನ ಮೇಲೆ.

ಉಳಿದ ಅರ್ಧ ಪಟ್ಟಣ ಕುಂಸಿಯಲ್ಲೇ ಉಳಿಯಿತು. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಅಕ್ಕನ ಫೋನ್ ಬಂತು. ಮನೆಯಲ್ಲಿ ಹುಣಸೆಹಣ್ಣು ಮುಗಿದಿತ್ತಂತೆ. ಆ ಚಾಕಲೇಟುಗಳನ್ನೇ ನೀರಿನಲ್ಲಿ ಕರಗಿಸಿ ದೀಪಕ್ಕೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದಳಂತೆ.

“ಚೆನ್ನಾಗಿ ಬೆಳಗಿತು ಮಾರಾಯ. ಸ್ವಲ್ಪ ಅಂಟು, ಎರಡು ಸಲ ತೊಳಿಬೇಕು ಅಷ್ಟೇ. ಪುಟ್ಟಿಗೆ ಹೇಳು, ಮುಂದಿನ ಸಲ ಬರ್ತಾ ಇನ್ನೊಂದು ಪಟ್ಟಣ ತರಲಿ, ಹಂಡೆ ತಿಕ್ಕೋದಿದೆ.”